ಸ್ಮಾರಕ ವಿದ್ಯಾರ್ಥಿವೇತನ ಖೈರಾತ್ ಅಲ್ಲ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ಮನೆಗೆ ಒಯ್ದಾಗ ಅಬ್ಬಾ ಸಹಿ ಹಾಕಲಿಲ್ಲ. "ನಮಗೆ ಖೈರಾತ್ ಬೇಡ ಬೇಟಾ" ಎಂದರು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ.

ತೀರಿಕೊಂಡವರ ನೆನಪಿಗಾಗಿ ಅವರ ಮನೆಯವರು ದತ್ತಿನಿಧಿ ಸ್ಥಾಪಿಸುತ್ತಾರೆ. ಕೆಲವರು ಹಣವನ್ನು ಠೇವಣಿ ಇಡುತ್ತಾರೆ, ಕೆಲವರು ಅಂಗಡಿಯೊಂದನ್ನು ಬಿಟ್ಟುಕೊಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಅದರಿಂದ ಬರುವ ಆದಾಯವನ್ನು ಮಾತ್ರ ಹಂಚಬೇಕು. ವಕ್ಫ್‌ನ ಲೆಕ್ಕವೂ ಇದೇ. ಉದಾಹರಣೆಗೆ, ಅಂಗಡಿಗೆ ತಿಂಗಳಿಗೆ 3,000 ರೂಪಾಯಿ ಬಾಡಿಗೆ ಬಂದರೆ ವರ್ಷಕ್ಕೆ 36,000 ಆಯಿತು. ತಲಾ 9,000ದಂತೆ ನಾಲ್ವರ ಫೀಸಿಗೆ ನೆರವು. ಮುಂದಿನ ವರ್ಷ ಇನ್ನೂ ನಾಲ್ವರಿಗೆ. ಅಂಗಡಿ ಅಲ್ಲೇ ಇರುತ್ತದೆ, ತೀರಿಕೊಂಡವರ ಹೆಸರೂ ಉಳಿಯುತ್ತದೆ.

1997ರಲ್ಲಿ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದ್ದು ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ. ಅದರಿಂದ ಅವರ ಮರ್ಯಾದೆ ಕಡಿಮೆಯಾಗಲಿಲ್ಲ.

ನಾವು ಸಂಕೋಚದಿಂದ ಅರ್ಜಿ ಹಾಕದಿದ್ದರೆ ಆ ಹಣ ಸುಮ್ಮನೆ ಕೂರುತ್ತದೆ. ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ. ಆದಾಯ ಪ್ರಮಾಣಪತ್ರ ಕೈಗೆ ಬರಲು ದಿನ ಹಿಡಿಯುತ್ತದೆ, ನಾಡಕಚೇರಿಗೆ ಬೇಗ ಹೋಗಿ. ಮುಂದೆ ಸಂಪಾದನೆ ಶುರುವಾದಾಗ ಆ ಅಸಲಿಗೆ ನಾವೂ ಸ್ವಲ್ಪ ಸೇರಿಸೋಣ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅಬ್ಬಾ ಈ ವರ್ಷ ಸಹಿ ಹಾಕಿದ್ದಾರೆ.