ಬೀಡಿ ಕಟ್ಟಿದರೆ ಕೆಲಸ, ಪತ್ತಿರ್ ತಟ್ಟಿದರೆ?

ಸರ್ವೆಗೆ ಬಂದವರು ಜಗಲಿಯಲ್ಲಿ ಕುಳಿತು ಕೇಳುತ್ತಾರೆ: "ಮನೆಯಲ್ಲಿ ಯಾರೆಲ್ಲ ಕೆಲಸ ಮಾಡ್ತಾರೆ?"

"ನಂದು ಮೀನಿನ ವ್ಯಾಪಾರ. ಮಗ ದಮ್ಮಾಮ್‌ನಲ್ಲಿ."

"ಹೆಂಡತಿ?"

"ಅವಳಿಗೆ ಎಂತ ಕೆಲ್ಸ? ಮನೆಯಲ್ಲೇ ಇರುವುದು."

ಆ ಹೊತ್ತಿಗೆ ಒಳಗೆ ಆಕೆ ಪಾತ್ರೆ ತೊಳೆದು, ಮೀನು ಕೊಯ್ದಿಟ್ಟು, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸುತ್ತಿರುತ್ತಾಳೆ. ನಮ್ಮ ಬ್ಯಾರಿ ಮನೆಗಳಲ್ಲಿ ಇದು ದಿನನಿತ್ಯದ ನೋಟ. ರಂಜಾನ್ ಬಂದರಂತೂ ಎಲ್ಲರಿಗಿಂತ ಮೊದಲು ಸಹರಿಗೆ ಏಳುವವಳೂ ಅವಳೇ, ಇಫ್ತಾರ್ ಮುಗಿದ ಮೇಲೆ ಕೊನೆಗೆ ಕೂರುವವಳೂ ಅವಳೇ.

"ಎಂತ ಕೆಲ್ಸ?" ಎಂಬುದು ಗಂಡನ ಉತ್ತರ ಮಾತ್ರವಲ್ಲ, ಸರಕಾರದ ಲೆಕ್ಕವೂ ಹೌದು. ಕೇಂದ್ರದ ಉದ್ಯೋಗ ಸಮೀಕ್ಷೆಯಲ್ಲಿ ಬರೀ ಮನೆಗೆಲಸ ಮಾಡುವವರಿಗೆ 92 ಎಂಬ ಸಂಕೇತ ಸಂಖ್ಯೆ. ಜೊತೆಗೆ ಸೌದೆ ತರುವ, ಮನೆಯವರಿಗಾಗಿ ಬಟ್ಟೆ ಹೊಲಿಯುವವರಿಗೆ 93. ಇಬ್ಬರೂ ಕಾರ್ಮಿಕ ಬಲದ ಹೊರಗೆ.

ಆದರೆ ಅದೇ ಹೆಂಗಸು ಅದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದರೆ ಆಕೆ ಕಾರ್ಮಿಕಳು. ವರ್ಷದಲ್ಲಿ 30 ದಿನ ಕಟ್ಟಿದರೂ ಸಾಕು, ಲೆಕ್ಕಕ್ಕೆ ಸಿಗುತ್ತಾಳೆ. ಗಂಡನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂತರೂ ಅದು ಕೆಲಸವೇ. ಪತ್ತಿರ್ ಮಾಡಿ ಹೋಟೆಲಿಗೆ ಕೊಟ್ಟರೆ ಕೆಲಸ. ಮಕ್ಕಳಿಗೆ ಬಡಿಸಿದರೆ ಅಲ್ಲ. ಅಕ್ಕಿಯೂ ಅದೇ, ಕೈಯೂ ಅದೇ.

ಹಾಗಂತ ಈ ದುಡಿಮೆ ಅಳೆಯಲಾಗದ್ದೇನಲ್ಲ. 2019ರಲ್ಲಿ ದೇಶಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಶೇ. 81.2, ಗಂಡಸರು ಶೇ. 26.1. ಹಾಗೆ ತೊಡಗಿದವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289 ನಿಮಿಷಕ್ಕೆ ಇಳಿಯಿತು. ಸಂತೋಷ. ಆದರೆ ಗಂಡಸರದ್ದೂ 88ಕ್ಕೆ ಇಳಿದಿದೆ!

ಜಗತ್ತಿನ ಅಂಕಿಅಂಶ ತಜ್ಞರು 2013ರಲ್ಲಿ ಜಿನೀವಾದಲ್ಲಿ ಸೇರಿ, ಮನೆಯವರಿಗಾಗಿ ಅಡುಗೆ ಮಾಡುವುದು, ಮಕ್ಕಳು ಮುದುಕರನ್ನು ನೋಡಿಕೊಳ್ಳುವುದೂ ‘ಕೆಲಸ’ವೇ ಎಂದು ಒಪ್ಪಿದರು. ‘ಉದ್ಯೋಗ’ವಲ್ಲ, ಆದರೆ ಕೆಲಸ ಹೌದು. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದನ್ನು ನಮ್ಮ ಸುಪ್ರೀಂ ಕೋರ್ಟ್ 2010ರಲ್ಲಿ ಖಂಡಿಸಿತು. ಅದು ಅಪಘಾತದಲ್ಲಿ ತೀರಿಹೋದ ಗೃಹಿಣಿಯೊಬ್ಬರ ಪರಿಹಾರದ ಪ್ರಕರಣ. ಅಂದರೆ ಆಕೆಯ ದುಡಿಮೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಎದ್ದದ್ದು ಆಕೆ ಇಲ್ಲದಾದ ಮೇಲೆ.

ಲೆಕ್ಕದಲ್ಲಿ ಇಲ್ಲದಿದ್ದರೆ ನಷ್ಟವೇನು? ಕೆಲಸವೇ ಅಲ್ಲ ಎಂದಾದರೆ ಅದಕ್ಕೆ ರಜೆಯೂ ಇಲ್ಲ, ಬೆನ್ನುನೋವಿಗೆ ಕಾರಣವೂ ಇಲ್ಲ. ಉಮ್ಮ ಮಲಗಿದ ದಿನ ಮಗಳು ಕಾಲೇಜು ತಪ್ಪಿಸಿ ಅಡುಗೆಮನೆಗೆ ಹೋಗುವುದನ್ನು ಯಾರೂ ನಷ್ಟ ಎನ್ನುವುದಿಲ್ಲ.

ಸಂಕೇತ ಸಂಖ್ಯೆ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಉತ್ತರ ನಮ್ಮದು. "ಎಂತ ಇಲ್ಲ" ಎಂದು ಹೇಳಿಬಿಟ್ಟರೆ ಆಕೆ ಕಟ್ಟುವ ಬೀಡಿ, ನೆರೆಮನೆಯವರಿಗೆ ಹೊಲಿದು ಕೊಡುವ ರವಿಕೆ, ನಿಜಕ್ಕೂ ಲೆಕ್ಕಕ್ಕೆ ಬರಬೇಕಾದದ್ದೂ ಬಿಟ್ಟುಹೋಗುತ್ತದೆ. ಮುಂದಿನ ಸಲ ಸರ್ವೆಯವರು ಬಂದಾಗ ಉತ್ತರ ಹೇಳಲು ಆಕೆಯನ್ನೇ ಜಗಲಿಗೆ ಕರೆಯಿರಿ. ಅಷ್ಟು ಹೊತ್ತು ಅತ್ತೆಗೆ ಗಂಜಿ ಕುಡಿಸುವ ಕೆಲಸ ನಿಮ್ಮದಾಗಲಿ.