ಕಾರಿನ ಕರೆಗುಂಡಿಗೆ ಚಂದಾ ಕೊಡಬೇಕೆ?

ನಮ್ಮ ಮನೆಯ ಕಾರಿಗೆ ಮೂರು ವರ್ಷ ತುಂಬಿದ ತಿಂಗಳಲ್ಲಿ ಕಂಪನಿಯಿಂದ ಒಂದು ಸಂದೇಶ ಬಂದಿತು. ಗಾಡಿಯೊಳಗೆ, ಚಾಲಕನ ತಲೆಯ ಮೇಲ್ಗಡೆ, ಎಸ್.ಒ.ಎಸ್. ಎಂದು ಬರೆದ ಒಂದು ಗುಂಡಿಯಿದೆ. ಆಪತ್ತಿನಲ್ಲಿ ಅದನ್ನು ಒತ್ತಿದರೆ ದೂರದ ಒಂದು ಕಚೇರಿಯವರು ಮಾತಿಗೆ ಸಿಗುತ್ತಾರೆ. ಅದುವರೆಗೆ ಉಚಿತವಾಗಿದ್ದ ಆ ಸೇವೆಯ ಅವಧಿ ಮುಗಿಯುತ್ತ ಬಂದಿದೆ, ಮುಂದುವರಿಯಬೇಕಾದರೆ ವರ್ಷ ವರ್ಷವೂ ಚಂದಾ ಕಟ್ಟಬೇಕು ಎಂಬುದು ಸಂದೇಶದ ಸಾರಾಂಶ.

"ಎಲ್ಲರ ಕೈಯಲ್ಲೂ ಫೋನಿದೆಯಲ್ಲ, ಇದೇಕೆ ಬೇಕೂಂದ್ರೆ?" ಎಂದರು ನಮ್ಮ ಮನೆಯವರು. ನನಗೂ ಹಾಗೆಯೇ ತೋರಿತು. ಆದರೆ ಮಗಳು ಶಿರಾದಲ್ಲಿ ನೌಕರಿಯಲ್ಲಿರುವವಳು. ವಾರದಲ್ಲಿ ಎರಡು ಮೂರು ದಿನ ಕತ್ತಲಾದ ಮೇಲೆ ಒಬ್ಬಳೇ ಗಾಡಿ ನಡೆಸಿಕೊಂಡು ಮಧುಗಿರಿಗೆ ಹಿಂದಿರುಗುತ್ತಾಳೆ. ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಫೋನು ತೆಗೆಯೋದಕ್ಕೆ ನನಗೇ ಎಚ್ಚರ ಇಲ್ಲದೆ ಹೋದರೆ?"

ಈ ಮಾತಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆದುದರಿಂದ ವಿಷಯವನ್ನು ಬುಡದಿಂದ ವಿಚಾರಿಸಿ ನೋಡುವುದೇ ಸರಿಯೆಂದುಕೊಂಡೆ. ಇಂಥ ಸಂದೇಶ ಈಗ ಅನೇಕ ಮನೆಗಳಿಗೆ ಬರುತ್ತಿರುವುದರಿಂದ, ನಾನು ಕಂಡುಕೊಂಡದ್ದು ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಈ ಏರ್ಪಾಡು ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1996ರಲ್ಲಿಯೇ ಆನ್‌ಸ್ಟಾರ್ ಎಂಬ ಹೆಸರಿನಲ್ಲಿ ಇದನ್ನು ತನ್ನ ದುಬಾರಿ ಕಾರುಗಳಲ್ಲಿ ಪ್ರಾರಂಭಿಸಿತು. ನಮ್ಮ ದೇಶದಲ್ಲಿ ಇದು ಮಧ್ಯಮ ವರ್ಗದವರ ಗಾಡಿಗಳಿಗೆ ಇಳಿದು ಬಂದದ್ದು ಮುಖ್ಯವಾಗಿ 2019ರಲ್ಲಿ. ಆ ಒಂದೇ ವರ್ಷದಲ್ಲಿ ಹ್ಯುಂಡೈ ವೆನ್ಯೂ, ಎಂ.ಜಿ. ಹೆಕ್ಟರ್, ಕಿಯಾ ಸೆಲ್ಟೋಸ್ ಗಾಡಿಗಳು ಇಂಥ ಸೌಕರ್ಯದೊಡನೆ ಮಾರುಕಟ್ಟೆಗೆ ಬಂದವು. ಮೊದಲ ಕೆಲವು ವರ್ಷ ಉಚಿತ, ಆಮೇಲೆ ಚಂದಾ ಎಂಬುದು ಸಾಮಾನ್ಯವಾದ ಕ್ರಮ.

ಇದು ಕೆಲಸ ಮಾಡುವ ಬಗೆ ಸರಳವಾದದ್ದು. ಗಾಡಿಯೊಳಗೆ ಫೋನಿನಲ್ಲಿರುವಂಥದೇ ಒಂದು ಸಿಮ್ಮು ಅಡಗಿದೆ. ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು, ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಲೆಕ್ಕ ಹಾಕುವ ಜಿ.ಪಿ.ಎಸ್. ಯಂತ್ರವಿದೆ. ಗುಂಡಿಯನ್ನು ಒತ್ತಿದರೆ ಕಂಪನಿಯ ಕಾಲ್ ಸೆಂಟರಿಗೆ ಕರೆ ಹೋಗುತ್ತದೆ. ಕರೆಯ ಜೊತೆಗೆ ಗಾಡಿ ಇರುವ ಸ್ಥಳವೂ ಹೋಗುತ್ತದೆ. ಇನ್ನು ಡಿಕ್ಕಿಯಾಗಿ ಏರ್‌ಬ್ಯಾಗು ಉಬ್ಬಿತೆನ್ನಿ. ಆಗ ಯಾರೂ ಒತ್ತದಿದ್ದರೂ ಕರೆ ತಾನಾಗಿಯೇ ಹೋಗುವ ಏರ್ಪಾಡು ಅನೇಕ ಗಾಡಿಗಳಲ್ಲಿದೆ. ಕೇಂದ್ರದವರು ಮಾತನಾಡಿಸಿದಾಗ ಒಳಗಿನಿಂದ ಉತ್ತರ ಬಾರದಿದ್ದರೆ ಆಂಬುಲೆನ್ಸಿನವರಿಗೂ ಮನೆಯವರಿಗೂ ತಿಳಿಸಬೇಕೆಂಬುದು ನಿಯಮ. ಮಗಳ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ. ಎಚ್ಚರ ತಪ್ಪಿದವನ ಪರವಾಗಿ ಗಾಡಿಯೇ ಕೂಗುತ್ತದೆ. ಚಂದಾಕ್ಕೆ ದೊರೆಯುವ ನಿಜವಾದ ಪ್ರತಿಫಲ ಇದೊಂದೇ. ಬಾಗಿಲು ತೆರೆಯುವುದು, ಮನೆಯಿಂದಲೇ ಗಾಡಿಯನ್ನು ತಂಪು ಮಾಡುವುದು ಮುಂತಾದ ಉಳಿದ ಅನುಕೂಲಗಳೆಲ್ಲ ಊಟಕ್ಕೆ ಉಪ್ಪಿನಕಾಯಿ ಇದ್ದಂತೆ.

ಆದರೆ ಕೂಗು ಹೊರಟ ಮಾತ್ರಕ್ಕೆ ನೆರವು ಬಂದಂತಾಗಲಿಲ್ಲ. ಇದು ನಾಲ್ಕು ಕೊಂಡಿಗಳ ಸರಪಳಿ. ಗಾಡಿಯಿಂದ ಟವರಿಗೆ ಸಂಕೇತ ಮುಟ್ಟಬೇಕು. ಕೇಂದ್ರದಲ್ಲಿ ಕುಳಿತವನಿಗೆ ಸಂಗತಿ ಅರ್ಥವಾಗಬೇಕು. ಹತ್ತಿರದಿಂದ ಆಂಬುಲೆನ್ಸು ಹೊರಡಬೇಕು. ಅದು ತಕ್ಕ ಆಸ್ಪತ್ರೆಯನ್ನು ಸಕಾಲದಲ್ಲಿ ಸೇರಬೇಕು. ನಮ್ಮ ಚಂದಾ ಗಟ್ಟಿಮಾಡುವುದು ಮೊದಲ ಎರಡು ಕೊಂಡಿಗಳನ್ನು ಮಾತ್ರ. ಕೊನೆಯ ಎರಡು ಸರ್ಕಾರದವು, ಸಮಾಜದವು; ಚಂದಾ ಕೊಟ್ಟವನಿಗೂ ಕೊಡದವನಿಗೂ ಅವು ಒಂದೇ. ಕಂಪನಿಯ ಕೇಂದ್ರದವರು ಕರೆಯುವುದೂ ಸಾಮಾನ್ಯವಾಗಿ ನಾವು ನೀವು ಕರೆಯುವ ಆಂಬುಲೆನ್ಸನ್ನೇ.

ಮೊದಲ ಕೊಂಡಿಯನ್ನು ನಾವೇ ಪರೀಕ್ಷಿಸಿ ನೋಡಬಹುದಾದ್ದರಿಂದ ಒಂದು ಭಾನುವಾರ ಮಗಳೊಡನೆ ಹೊರಟೆ. ಮಧುಗಿರಿಯಿಂದ ಶಿರಾಕ್ಕೆ, ಅಲ್ಲಿಂದ ಹುಲಿಕುಂಟೆ ಹೋಬಳಿಯ ಒಳದಾರಿಗಳಿಗೆ. ಗಾಡಿಯ ಸಿಮ್ಮಿನ ಸಿಗ್ನಲ್ಲು ಮುಂದಿನ ಪರದೆಯಲ್ಲಿ ಕಾಣುತ್ತದೆ. ಮಗಳು ಗಾಡಿ ನಡೆಸಿದಳು, ನಾನು ನೋಟುಪುಸ್ತಕದಲ್ಲಿ ಗುರುತು ಹಾಕಿದೆ. ಅವಳು ದಿನವೂ ಓಡಾಡುವ ದಾರಿಯಲ್ಲಿ ಎಲ್ಲಿಯೂ ಸಿಗ್ನಲ್ಲು ತಪ್ಪಲಿಲ್ಲ. ಒಳದಾರಿಯಲ್ಲಿ ಮಾತ್ರ ಎರಡು ಕಡೆ ಪೂರ್ತಿ ಹೋಯಿತು. ಒಂದು ಕಡೆ ನನ್ನ ಜೇಬಿನ ಫೋನಿಗೆ ಸಿಗ್ನಲ್ಲಿದ್ದು ಗಾಡಿಗೆ ಇರಲಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ಕಂಪನಿಗಳ ಸಿಮ್ಮುಗಳು. ಫೋನಿನದು ಸರಿಯಿಲ್ಲವೆಂದರೆ ಬದಲಾಯಿಸಿಕೊಳ್ಳಬಹುದು. ಗಾಡಿಯದನ್ನು ನಾವು ಬದಲಾಯಿಸುವಂತಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡದಂಥ ಬೆಟ್ಟಗುಡ್ಡಗಳ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯ ಕೊಂಡಿಯ ಪರೀಕ್ಷೆಗೆ ಆಪತ್ತಿನ ಗುಂಡಿಯನ್ನು ಒತ್ತಬಾರದು, ಅದು ಹುಡುಗಾಟಿಕೆಯಾದೀತು. ಪಕ್ಕದಲ್ಲಿ ವಿಚಾರಣೆಗೆಂದೇ ಬೇರೊಂದು ಗುಂಡಿಯಿತ್ತು. ಒತ್ತಿದಾಗ ಮೊದಲು ಹಿಂದಿಯಲ್ಲಿ ಮಾತು ಬಂದಿತು. ಕನ್ನಡ ಬಲ್ಲವರನ್ನು ಕೊಡಿ ಎಂದ ಮೇಲೆ ಎರಡು ನಿಮಿಷ ಕಾಯಬೇಕಾಯಿತು. "ಎಲ್ಲಿದ್ದೀರಿ ಸಾರ್?" ಎಂದಾಗ "ಹುಲಿಕುಂಟೆಯ ಹತ್ತಿರ" ಎಂದೆ. ಆತ "ದೊಡ್ಡಬಳ್ಳಾಪುರದ ಕಡೆಯದೇ?" ಎಂದು ಕೇಳಿದ. ಅವನ ತಪ್ಪೇನೂ ಇಲ್ಲ. ಕುಂಟೆ ಎಂದರೆ ಸಣ್ಣ ಕೆರೆ, ನೀರು ನಿಲ್ಲುವ ಹೊಂಡ. ನೀರಿದ್ದ ಕಡೆ ಊರು ಕಟ್ಟಿದ ನಮ್ಮ ಬಯಲುಸೀಮೆಯಲ್ಲಿ ಕುಂಟೆಗಳೂ ಬಹಳ, ಹುಲಿಕುಂಟೆಗಳೂ ಒಂದಕ್ಕಿಂತ ಹೆಚ್ಚು. ಶಿರಾ ತಾಲ್ಲೂಕಿನಲ್ಲಿರುವಂತೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿಯೂ ಒಂದು ಹುಲಿಕುಂಟೆಯಿದೆ. ಆದರೆ ಮರುಕ್ಷಣದಲ್ಲಿ ಆತ ತನ್ನ ಮುಂದಿನ ನಕಾಶೆ ನೋಡಿ, "ಇಲ್ಲ ಸಾರ್, ನೀವು ಶಿರಾದ ಕಡೆ ಇದ್ದೀರಿ" ಎಂದು ತಾನೇ ತಿದ್ದಿಕೊಂಡ. ಹೆಸರಿಗೆ ಗೊಂದಲವುಂಟು, ಅಕ್ಷಾಂಶ ರೇಖಾಂಶಗಳಿಗೆ ಇಲ್ಲ. ನಡುರಾತ್ರಿ, ಗಾಬರಿಯಲ್ಲಿ, ಅಪರಿಚಿತ ರಸ್ತೆಯಲ್ಲಿ ಇರುವವನಿಗೆ ಇದು ದೊಡ್ಡ ಉಪಕಾರವೇ ಸರಿ.

ಇನ್ನು ಕಾಸಿಲ್ಲದೆ ದೊರೆಯುವ ನೆರವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡೋಣ. ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ ಇಂದು 112 ಎಂಬ ಒಂದೇ ಸಂಖ್ಯೆಯಿದೆ. 112 ಇಂಡಿಯಾ ಎಂಬ ಆಪನ್ನು ಫೋನಿಗೆ ಹಾಕಿಕೊಂಡರೆ ನಾವಿರುವ ಸ್ಥಳವೂ ಕರೆಯೊಡನೆ ಹೋಗುತ್ತದೆ. ಆಂಬುಲೆನ್ಸಿನ 108 ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಮೊದಲಾಗಿ, ನಮ್ಮ ರಾಜ್ಯಕ್ಕೆ 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಬಂದಿತು. ಶಿರಾದ ಮೇಲೆ ಹಾಯ್ದು ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಂಥ ದಾರಿಗಳಲ್ಲಿ ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೂ ಕರೆ ಮಾಡಬಹುದು. ಡಿಕ್ಕಿಯನ್ನು ತಾನೇ ಅರಿತು ನೆರವಿಗೆ ಕರೆ ಮಾಡುವ ಫೋನುಗಳೂ ಬಂದಿವೆ. 2022ರಲ್ಲಿ ಬಂದ ಆಪಲ್ ಕಂಪನಿಯ ಐಫೋನ್ 14ರಲ್ಲಿ ಆ ಗುಣವಿದೆ. ಅಂಥ ಫೋನು ಈಗಾಗಲೇ ಕೈಯಲ್ಲಿರುವವರಿಗೆ ಗಾಡಿಯ ಚಂದಾ ಅಷ್ಟರಮಟ್ಟಿಗೆ ಅನಗತ್ಯ.

ಗಡಿನಾಡಿನವರಿಗೆ ಒಂದು ಎಚ್ಚರಿಕೆಯ ಮಾತು. ಪಾವಗಡ ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ ತಾಲ್ಲೂಕು. ಫೋನು ಗಡಿಯಾಚೆಯ ಟವರನ್ನು ಹಿಡಿದಿದ್ದರೆ 112ರ ಕರೆ ಆಚೆಯ ರಾಜ್ಯಕ್ಕೆ ಹೋಗಬಹುದು. ಆಗ ತಾಲ್ಲೂಕು, ಜಿಲ್ಲೆ, ರಾಜ್ಯ ಮೂರನ್ನೂ ಮೊದಲ ಮಾತಿನಲ್ಲಿಯೇ ಹೇಳುವುದು ಒಳ್ಳೆಯದು.

ಯೂರೋಪಿನವರು ಈ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಬಗೆಹರಿಸಿದರು. ಅಲ್ಲಿನ ಒಕ್ಕೂಟದ ದೇಶಗಳಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಲ್ಲೆಲ್ಲ ಇ-ಕಾಲ್ ಎಂಬ ಏರ್ಪಾಡು ಕಡ್ಡಾಯ. ಡಿಕ್ಕಿಯಾದರೆ ಗಾಡಿ ತಾನಾಗಿ ನೇರವಾಗಿ 112ಕ್ಕೆ ಕರೆ ಮಾಡುತ್ತದೆ, ಚಂದಾ ಇಲ್ಲ. ನಮ್ಮಲ್ಲಿ 2019ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಲ್ಲಿ ಸ್ಥಳ ತಿಳಿಸುವ ಯಂತ್ರವೂ ಆಪತ್ತಿನ ಗುಂಡಿಯೂ ಇರಬೇಕೆಂದು ನಿಯಮವಾಗಿದೆ. ಸ್ವಂತದ ಕಾರಿಗೆ ಆ ನಿಯಮವಿಲ್ಲ.

ಅಮೆರಿಕದಿಂದ ಕಲಿಯಬೇಕಾದದ್ದು ಬೇರೊಂದು ಪಾಠ. ಅಲ್ಲಿನ ಹಳೆಯ ಮಾದರಿಯ ಮೊಬೈಲು ಜಾಲವನ್ನು 2008ರಲ್ಲಿ ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಹಳೆಯ ಗಾಡಿಗಳ ಆನ್‌ಸ್ಟಾರ್ ಸೇವೆಯೂ ನಿಂತುಹೋಯಿತು. ಗಾಡಿ ಓಡುತ್ತಿತ್ತು, ಗುಂಡಿಯೂ ಇತ್ತು. ಕೇಳುವ ಕಿವಿ ಮಾತ್ರ ಇರಲಿಲ್ಲ. ಆದುದರಿಂದ ಹಲವು ವರ್ಷಗಳ ಚಂದಾವನ್ನು ಒಮ್ಮೆಗೇ ಕಟ್ಟುವುದು ಜಾಣತನವಲ್ಲ. ವರ್ಷಕ್ಕೊಮ್ಮೆ ಕಟ್ಟಿ, ವರ್ಷಕ್ಕೊಮ್ಮೆ ಯೋಚಿಸುವುದು ಲೇಸು.

ಕಟ್ಟುವ ಮೊದಲು ಷೋರೂಮಿನವರನ್ನು ಕೇಳಿ, ಬರಹದಲ್ಲಿ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಐದು. ಚಂದಾ ನಿಲ್ಲಿಸಿದರೆ ಆಪತ್ತಿನ ಗುಂಡಿ ಕೂಡ ನಿಲ್ಲುತ್ತದೆಯೆ? ಏರ್‌ಬ್ಯಾಗು ಉಬ್ಬದಂಥ ಡಿಕ್ಕಿಯಲ್ಲಿ, ಗಾಡಿ ಹಳ್ಳಕ್ಕೆ ಮಗುಚಿದಾಗ, ಕರೆ ತಾನಾಗಿ ಹೋಗುತ್ತದೆಯೆ? ಗಾಡಿಯ ಬ್ಯಾಟರಿ ಕಿತ್ತುಹೋದರೂ ಯಂತ್ರಕ್ಕೆ ಬೇರೆ ಬ್ಯಾಟರಿ ಇದೆಯೆ? ರಾತ್ರಿಯ ಹೊತ್ತೂ ಕನ್ನಡದಲ್ಲಿ ಮಾತನಾಡುವವರು ಇರುತ್ತಾರೆಯೆ? ಗಾಡಿಯನ್ನು ಮಾರಿದಾಗ ನಮ್ಮ ಓಡಾಟದ ದಾಖಲೆಯನ್ನು ಅಳಿಸುವುದು ಹೇಗೆ? ಈ ಕೊನೆಯದು ಮರೆಯಬಾರದ್ದು. ನಾವು ಎಲ್ಲಿದ್ದೇವೆಂದು ಆಪತ್ತಿನಲ್ಲಿ ಹೇಳಬಲ್ಲ ಯಂತ್ರ, ಸುಖದ ಕಾಲದಲ್ಲಿಯೂ ಅದನ್ನು ಬಲ್ಲದು.

ಹಣದ ಲೆಕ್ಕ ಕಠಿಣವಲ್ಲ. ಚಂದಾ ವರ್ಷಕ್ಕೆ ಮೂರು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 250 ರೂಪಾಯಿ ಬಿದ್ದಿತು. ಹತ್ತು ವರ್ಷಕ್ಕೆ ಮೂವತ್ತು ಸಾವಿರ. ಟೈರು ಸವೆದಿದ್ದರೆ, ಹಿಂದಿನ ಸೀಟಿನವರು ಬೆಲ್ಟು ಹಾಕುವ ಅಭ್ಯಾಸವಿಲ್ಲದಿದ್ದರೆ, ಮೊದಲು ಅವನ್ನು ಸರಿಪಡಿಸಿಕೊಳ್ಳಬೇಕು. ಅಪಘಾತವನ್ನು ತಪ್ಪಿಸುವ ಖರ್ಚು ಮೊದಲು, ಅಪಘಾತವಾದ ಮೇಲೆ ಕೂಗುವ ಖರ್ಚು ಆಮೇಲೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಎಲ್ಲರಿಗಿಂತ ಮೊದಲು ಓಡಿ ಬರುವವರು ಲಾರಿಯ ಡ್ರೈವರು, ಹೊಲದಲ್ಲಿ ನೀರು ಕಟ್ಟುತ್ತಿರುವ ರೈತ, ಕುರಿ ಕಾಯುವ ಹುಡುಗ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ತರುಣ ಹರೀಶನನ್ನು ನೆನೆಯಿರಿ. ಪ್ರಾಣ ಹೋಗುವ ಹೊತ್ತಿನಲ್ಲಿಯೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡವನು ಆತ. ಅದೇ ವರ್ಷ ರಾಜ್ಯ ಸರ್ಕಾರ ಅವನ ಹೆಸರಿನಲ್ಲಿಯೇ ಒಂದು ಯೋಜನೆ ತಂದು, ಅಪಘಾತಕ್ಕೀಡಾದವರ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವು ಗೊತ್ತುಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ಗೊತ್ತಾದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಗಾಯಾಳು ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು. ಗಾಯಗೊಂಡವನಿಗೆ ನೆರವಾದವನು ಪೊಲೀಸು, ಕೋರ್ಟು ಎಂದು ಅಂಜಬೇಕಾಗಿಯೂ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮು ಸದ್ಭಾವನೆಯಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಗುಂಡಿಯಿರುವ ಗಾಡಿಯವರೂ ದಾರಿಯಲ್ಲಿ ಬಿದ್ದವನನ್ನು ಕಂಡಾಗ ನಿಲ್ಲಿಸಬೇಕು. ಅವನ ಸೈಕಲ್ಲಿಗೆ ಎಸ್.ಒ.ಎಸ್. ಗುಂಡಿಯಿರುವುದಿಲ್ಲ.

ಕೊನೆಗೆ ನಮ್ಮ ಮನೆಯ ತೀರ್ಮಾನ. ಹಗಲು ಹೊತ್ತು ಊರೊಳಗೆ, ಇಬ್ಬರು ಮೂವರು ಕೂಡಿ ಓಡಾಡುವವರಿಗೆ ಈ ಚಂದಾ ಬೇಕಿಲ್ಲ. ತಾವು ದಿನವೂ ಹೋಗುವ ದಾರಿಯಲ್ಲಿ ಗಾಡಿಗೆ ಸಿಗ್ನಲ್ಲೇ ಸಿಗದವರಿಗಂತೂ ಅದು ನೀರಿನಲ್ಲಿ ಮಾಡಿದ ಹೋಮ. ರಾತ್ರಿ ಹೊತ್ತು, ಒಂಟಿಯಾಗಿ, ಸಿಗ್ನಲ್ಲಿರುವ ದಾರಿಯಲ್ಲಿ ನಿತ್ಯವೂ ಓಡಾಡುವವರು ಮನೆಯಲ್ಲಿದ್ದು, ಡಿಕ್ಕಿಯನ್ನು ತಾನೇ ಅರಿಯುವ ಫೋನು ಅವರ ಬಳಿ ಇಲ್ಲದಿದ್ದರೆ, ಕೊಡುವುದು ನ್ಯಾಯ. ನಮ್ಮ ಮಗಳು ಈ ಕೊನೆಯ ಗುಂಪಿನವಳು. ಆದುದರಿಂದ ಒಂದು ವರ್ಷದ ಚಂದಾ ಕಟ್ಟಿದೆವು. ಜೊತೆಗೆ 112, 108, 1033 ಈ ಮೂರು ಸಂಖ್ಯೆಗಳನ್ನೂ ಮನೆಯ ಫೋನಿನ ಸಂಖ್ಯೆಯನ್ನೂ ಅವಳ ರಕ್ತದ ಗುಂಪನ್ನೂ ದಪ್ಪ ಅಕ್ಷರದಲ್ಲಿ ಬರೆದು ಗಾಡಿಯೊಳಗೆ, ಯಾರಿಗಾದರೂ ಕಾಣುವಂತೆ, ಅಂಟಿಸಿದ್ದೇನೆ. ಅದಕ್ಕೆ ಖರ್ಚಾದದ್ದು ಒಂದು ಹಾಳೆ ಕಾಗದ. ರಾತ್ರಿ ಅವಳ ಗಾಡಿಯ ಬೆಳಕು ಬೀದಿಯ ತಿರುವಿನಲ್ಲಿ ಕಾಣುವವರೆಗೆ ನಮ್ಮ ಮನೆಯವರು ಬಾಗಿಲಲ್ಲಿ ಕಾಯುವುದು ಮಾತ್ರ ನಿಂತಿಲ್ಲ.