ನದಿಯ ದಂಡೆ ಕುಸಿಯುವುದೇಕೆ?

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಹೊಳೆಬದಿಯ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಈ ವರ್ಷವೂ ಎರಡು ತೆಂಗಿನ ಮರ ಹೊಳೆಪಾಲಾಯಿತು." ಕೆಲವರು ನೆರೆಯನ್ನು ದೂರುತ್ತಾರೆ. ಇನ್ನು ಕೆಲವರು ತಡೆಗೋಡೆ ಕಟ್ಟಿಸಲಿಲ್ಲವೆಂದು ಸರಕಾರವನ್ನು ದೂರುತ್ತಾರೆ. ಆದರೆ ನೆರೆ ನಮಗೆ ಹೊಸತೇನಲ್ಲ. 1923 ಮತ್ತು 1974ರಲ್ಲಿ ಬಂಟ್ವಾಳ ಪೇಟೆಯನ್ನೇ ಮುಳುಗಿಸಿದ ನೆರೆಯನ್ನು ಹಿರಿಯರು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಹಾಗಾದರೆ ದಂಡೆ ಕುಸಿಯಲು ನೆರೆಯ ಹೊರತಾಗಿ ಬೇರೆ ಯಾವ ಕಾರಣಗಳಿವೆ? ನೇತ್ರಾವತಿ ಹಾಗೂ ಗುರುಪುರ ಹೊಳೆಯೆಂದೂ ಕರೆಯುವ ಫಲ್ಗುಣಿಯನ್ನು ಮುಂದಿಟ್ಟುಕೊಂಡು ಇದನ್ನು ತಿಳಿದುಕೊಳ್ಳೋಣ.

ನದಿಯ ಆಕಾರ

ಹರಿಯುವ ನೀರು ಮತ್ತು ಅದು ಹೊತ್ತು ತರುವ ಹೊಯ್ಗೆಗೆ ತಕ್ಕಂತೆ ನದಿ ತನ್ನ ಅಗಲ, ಆಳಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಘಟ್ಟದ ಬುಡದಲ್ಲಿ ನೇತ್ರಾವತಿಯ ಪಾತ್ರ ಇಕ್ಕಟ್ಟಾಗಿದ್ದು ಬಂಡೆಗಳಿಂದ ತುಂಬಿದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಸೇರಿದ ಮೇಲೆ ಅದು ಅಗಲವಾಗುತ್ತದೆ. ಬಂಟ್ವಾಳ ದಾಟಿದ ನಂತರ ಇಳಿಜಾರು ಕಡಿಮೆಯಾಗಿ, ಹೊಯ್ಗೆ ದಿಬ್ಬಗಳೂ ಕುದ್ರುಗಳೂ ಕಾಣಸಿಗುತ್ತವೆ.

ತಿರುವುಗಳಲ್ಲಿ ಹೊರಬದಿಯ ನೀರು ವೇಗವಾಗಿ ಹರಿದು ದಂಡೆಯನ್ನು ಕೊರೆಯುತ್ತದೆ. ಒಳಬದಿಯಲ್ಲಿ ನಿಧಾನವಾಗಿ ಹರಿದು ಹೊಯ್ಗೆಯನ್ನು ಬಿಟ್ಟು ಹೋಗುತ್ತದೆ. ಒಂದು ದಡದವರು ಕಳೆದುಕೊಂಡದ್ದು ಇನ್ನೊಂದು ದಡದಲ್ಲಿ ಸೇರುತ್ತದೆ. ಇಷ್ಟರ ಮಟ್ಟಿಗೆ ಸವಕಳಿ ನದಿಯ ಸಹಜ ಗುಣ.

ಬುಡ ಹೋದರೆ ದಂಡೆ ಹೋಯಿತು

ನಮ್ಮ ಹೊಳೆಬದಿಯ ಮಣ್ಣು ಅನೇಕ ಕಡೆ ಪದರ ಪದರವಾಗಿದೆ. ಮೇಲೆ ಅಂಟಾದ ಜೇಡಿ ಮಣ್ಣು, ಕೆಳಗೆ ಸಡಿಲವಾದ ಹೊಯ್ಗೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಆರಂಭಿಸಿದ ಮಂಗಳೂರು ಹಂಚಿನ ಉದ್ಯಮ ಬೆಳೆದದ್ದು ಈ ನದೀತೀರಗಳ ಜೇಡಿ ಮಣ್ಣಿನಿಂದಲೇ. ನೀರು ಕೆಳಗಿನ ಹೊಯ್ಗೆಯನ್ನು ಎಳೆದೊಯ್ದಾಗ ಮೇಲಿನ ಮಣ್ಣು ಸ್ವಲ್ಪ ಕಾಲ ಸೂರಿನಂತೆ ಚಾಚಿ ನಿಂತು, ಒಂದು ದಿನ ಮರ ಸಹಿತ ಬೀಳುತ್ತದೆ.

ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು, ಒಂದೂವರೆ ಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ. ದಂಡೆ ನಾಲ್ಕು ಮೀಟರ್ ಎತ್ತರವಿದ್ದರೆ ಅದರ ಬುಡವನ್ನು ಆ ಬೇರುಗಳು ಹಿಡಿದಿಡಲಾರವು.

ಇನ್ನೊಂದು ವಿಷಯ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ದಂಡೆ ಹೆಚ್ಚಾಗಿ ಕುಸಿಯುವುದು ನೆರೆ ಏರುವಾಗ ಅಲ್ಲ, ಇಳಿಯುವಾಗ. ನೆರೆಯಲ್ಲಿ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಹೊಳೆ ತುಂಬಿರುವಷ್ಟು ಹೊತ್ತು ಆ ನೀರೇ ದಂಡೆಗೆ ಒತ್ತಾಗಿ ನಿಂತಿರುತ್ತದೆ. ಹೊಳೆ ಬೇಗನೆ ಇಳಿದಾಗ ಆಸರೆ ತಪ್ಪುತ್ತದೆ, ಭಾರ ಮಾತ್ರ ಉಳಿಯುತ್ತದೆ. ಆದುದರಿಂದ "ನೆರೆ ಇಳಿಯಿತು" ಎಂದು ಕೂಡಲೇ ದಂಡೆಯ ಅಂಚಿಗೆ ಹೋಗಿ ನಿಲ್ಲುವುದು ಅಪಾಯ. ಅಂಚಿಗೆ ಸಮನಾಗಿ ಉದ್ದಕ್ಕೆ ಬಿರುಕು ಕಂಡರಂತೂ ಮಕ್ಕಳನ್ನೂ ದನಕರುಗಳನ್ನೂ ಆ ಕಡೆ ಬಿಡಬಾರದು.

ಹೊಯ್ಗೆ ತೆಗೆದಾಗ

ನದಿಯ ತಳ ಒಂದು ಮೀಟರ್ ತಗ್ಗಿದರೆ ದಂಡೆ ಒಂದು ಮೀಟರ್ ಎತ್ತರವಾದಂತೆಯೇ ಸರಿ. ಎತ್ತರ ಮಿತಿ ಮೀರಿದಾಗ ನೆರೆ ಬರಬೇಕೆಂದಿಲ್ಲ, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. 2018ರ ಜೂನ್‌ನಲ್ಲಿ ಫಲ್ಗುಣಿಗೆ ಅಡ್ಡಲಾಗಿದ್ದ ಮೂಲರಪಟ್ಣ ಸೇತುವೆ ಕುಸಿದು ಬಿದ್ದಾಗ, ಅದಕ್ಕೆ ಅಲ್ಲಿನ ಮರಳುಗಾರಿಕೆಯೇ ಕಾರಣ ಎಂಬ ಆರೋಪ ಬಲವಾಗಿ ಕೇಳಿಬಂದಿತ್ತು. ನೇತ್ರಾವತಿಯ ಪಾವೂರು ಉಳಿಯ ಕುದ್ರುವಿನ ಕುಟುಂಬಗಳು, ಮರಳು ತೆಗೆಯುವುದರಿಂದ ತಮ್ಮ ನೆಲ ಕರಗುತ್ತಿದೆ ಎಂದು ವರ್ಷಗಳಿಂದ ದೂರುತ್ತ ಬಂದಿವೆ. ಸುತ್ತಲೂ ನೀರಿರುವ ಕುದ್ರುವಿನವರಿಗೆ ಹಿಂದೆ ಸರಿಯಲು ಜಾಗವಾದರೂ ಎಲ್ಲಿದೆ?

ಹೊಯ್ಗೆ ತೆಗೆಯಲೇಬಾರದು ಎಂದು ನಾವು ಹೇಳುತ್ತಿಲ್ಲ. ನಮ್ಮ ಮನೆಗಳೂ ಅದರಿಂದಲೇ ಎದ್ದಿವೆ. ಆದರೆ ಮಳೆಗಾಲದಲ್ಲಿ ಬಂದು ಸೇರಿದ್ದಕ್ಕಿಂತ ಹೆಚ್ಚು ತೆಗೆದರೆ, ಉಳಿದದ್ದನ್ನು ನದಿ ನಮ್ಮ ತೋಟಗಳಿಂದಲೇ ಕೊರೆದುಕೊಳ್ಳುತ್ತದೆ.

ನಗರದ ತೋಡುಗಳು

ಹಳ್ಳಿಯ ತೋಡಿನಲ್ಲಿ ಕಲ್ಲು, ಗಿಡ, ತಿರುವು ಎಲ್ಲವೂ ಇದ್ದು ನೀರು ತಡೆದು ತಡೆದು ಹರಿಯುತ್ತದೆ. ಹೆಚ್ಚಾದ ನೀರು ಬೈಲು ಗದ್ದೆಗೆ ಹರಡಿ ಇಂಗುತ್ತದೆ. ಮಂಗಳೂರಿನಂತಹ ನಗರದಲ್ಲಿ ಗದ್ದೆಗಳು ಮಣ್ಣು ತುಂಬಿ ನಿವೇಶನಗಳಾಗಿವೆ, ಅಂಗಳಕ್ಕೆಲ್ಲ ಕಾಂಕ್ರೀಟು ಬಂದಿದೆ, ತೋಡುಗಳು ಎರಡು ಗೋಡೆಗಳ ನಡುವಿನ ಚರಂಡಿಗಳಾಗಿವೆ. ಸುರಿದ ಮಳೆಯೆಲ್ಲ ಒಮ್ಮೆಲೇ ತೋಡಿಗೆ ನುಗ್ಗುತ್ತದೆ. 2018ರ ಮೇ 29ರ ಮಳೆಗೆ ಪಂಪ್‌ವೆಲ್, ಕೊಟ್ಟಾರ ಚೌಕಿ ಜಲಾವೃತವಾದದ್ದು ಎಲ್ಲರಿಗೂ ನೆನಪಿರಬಹುದು.

ನಯವಾದ ಗೋಡೆಗಳ ನಡುವೆ ವೇಗ ಪಡೆದ ನೀರು, ಗೋಡೆ ಮುಗಿಯುವಲ್ಲಿ ತನ್ನ ಬಲವನ್ನೆಲ್ಲ ಬರಿಯ ಮಣ್ಣಿನ ಮೇಲೆ ತೋರಿಸುತ್ತದೆ. ಹೀಗೆ ಒಬ್ಬರ ತಡೆಗೋಡೆ ಮುಂದಿನವರ ಕೊರೆತಕ್ಕೆ ಕಾರಣವಾಗುವುದುಂಟು.

ನಾವೇನು ಮಾಡಬಹುದು?

ತಡೆಗೋಡೆ ಕಟ್ಟುವುದಾದರೆ ಅದರ ಪಂಚಾಂಗ ನದಿಯ ತಳಕ್ಕಿಂತ ಸಾಕಷ್ಟು ಕೆಳಗಿರಬೇಕು, ಹಿಂಬದಿಯ ನೀರು ಹೊರಬರಲು ತೂತುಗಳಿರಬೇಕು. ಇಲ್ಲದಿದ್ದರೆ ಗೋಡೆಯೇ ಮಗುಚಿ ಬೀಳುತ್ತದೆ. ಗೋಡೆ ಅಗತ್ಯವಿಲ್ಲದಲ್ಲಿ ಬುಡಕ್ಕೆ ದೊಡ್ಡ ಕಲ್ಲುಗಳನ್ನು ಹಾಸಿ, ಮೇಲೆ ಬಿದಿರು, ಕೇದಗೆ, ಲಾವಂಚ ಬೆಳೆಸಬಹುದು. ಉಪ್ಪುನೀರು ಬರುವಲ್ಲಿ ಕಾಂಡ್ಲ ಗಿಡಗಳನ್ನು ಕಡಿಯದೆ ಉಳಿಸಿಕೊಂಡರೆ ಅದೇ ದೊಡ್ಡ ರಕ್ಷಣೆ.

ಸುಲಭವಾದ ಇನ್ನೊಂದು ಕೆಲಸವಿದೆ. ಬೇಸಗೆಯಲ್ಲಿ ದಂಡೆಯಿಂದ ಹತ್ತು ಮೀಟರ್ ಒಳಗೆ ಒಂದು ಕಲ್ಲು ನೆಟ್ಟು, ಅಲ್ಲಿಂದ ಅಂಚಿಗೆ ಇರುವ ದೂರವನ್ನು ಅಳೆದು ಬರೆದಿಡಿ. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿರಿ. ಗ್ರಾಮಸಭೆಯಲ್ಲಿ "ತುಂಬ ಹೋಗಿದೆ" ಎನ್ನುವ ಬದಲು "ಮೂರು ವರ್ಷಗಳಲ್ಲಿ ಇಷ್ಟು ಹೋಗಿದೆ" ಎಂದು ಲೆಕ್ಕ ಮುಂದಿಟ್ಟರೆ ಆ ಮಾತಿಗೆ ತೂಕ ಬರುತ್ತದೆ. ಹೊಳೆಯ ಎರಡು ಬದಿಯವರೂ, ಮೇಲಿನ ಊರಿನವರೂ ಕೆಳಗಿನ ಪೇಟೆಯವರೂ ಒಟ್ಟಾಗಿ ಕುಳಿತು ಯೋಚಿಸಿದರೆ ಮಾತ್ರ ಇದಕ್ಕೆ ಪರಿಹಾರ ಸಾಧ್ಯ. ನದಿ ಎಲ್ಲರದೂ ಒಂದೇ ಅಲ್ಲವೇ?